ಕಂಪ್ಯೂಟರಿನ ಹಾವಿಗೆ ಹಾಲು

ಮಸ್ಕಿಯಲ್ಲಿ ಗ್ಯಾನಪ್ಪ ಬರೆದ ಬೋರ್ಡು ಇಲ್ಲದ ಅಂಗಡಿ ಇರಲಿಲ್ಲ. ಕಿರಾಣಿ ಅಂಗಡಿ, ಸೈಕಲ್ ಶಾಪು, ಹಲ್ಲು ಕೀಳುವ ಡಾಕ್ಟರು, ಎಲ್ಲರ ತಲೆಯ ಮೇಲೂ ಅವನವೇ ಕೆಂಪು ಅಕ್ಷರ, ಅಕ್ಷರದ ಬೆನ್ನಿಗೆ ಹಳದಿ ನೆರಳು. ಗುಡಿಯ ಗೋಡೆಗೆ ನಾಗಪ್ಪನನ್ನು ಬರೆಸಬೇಕೆಂದರೆ ಬಳಗಾನೂರು, ತುರ್ವಿಹಾಳದವರೂ ಬಸ್ಸು ಹತ್ತಿ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಐದು ಹೆಡೆ, ನಡುವಿನ ಹೆಡೆಗೆ ಕುಂಕುಮದ ಬೊಟ್ಟು, ಕೆಳಗೆ ಮೂರು ಸುತ್ತು ಮೈ. ಮಾತಾಡುತ್ತಾ, ಬೀಡಿ ಸೇದುತ್ತಾ, ಗೋಡೆಯ ಕಡೆ ನೋಡದೆಯೇ ಬರೆದುಬಿಡುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮುಂದೆ ಆದ ಅನಾಹುತಕ್ಕೆಲ್ಲ ಆ ಕೈಯೇ ಕಾರಣ, ಗ್ಯಾನಪ್ಪನ ಪಾಲು ಕಡಿಮೆ.

ಗ್ಯಾನಪ್ಪನ ಪಾಲು ಇಷ್ಟೇ. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಹೈದರಾಬಾದಿಗೆ ಹೋದಾಗ, ದೂರದ ಸಂಬಂಧಿಯೊಬ್ಬನ ಆಫೀಸಿನಲ್ಲಿ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತಿದ್ದ. ಊಟಕ್ಕೆ ಹೋದ ಸಂಬಂಧಿ ಬರುವುದು ತಡವಾಯಿತು. ಅಷ್ಟರಲ್ಲಿ ನಮ್ಮವನು ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ ಮೌಸು ಹಿಡಿದು ಒಂದು ಎತ್ತು, ಒಂದು ತೆಂಗಿನ ಮರ, ಗೋಡೆಯ ಫೋಟೋದಲ್ಲಿದ್ದ ಯಾರೋ ಸಾಹೇಬರ ಮೂತಿ ಬರೆದು ಮುಗಿಸಿದ್ದ. ಮಸ್ಕಿಗೆ ಬಂದು, ಹೈದರಾಬಾದಿನ್ಯಾಗ ಕಂಪ್ಯೂಟರ್ ಕಲ್ತು ಬಂದೀನಿ ಎಂದ. ಸುಳ್ಳೆನ್ನಲು ಬರುವುದಿಲ್ಲ. ಎಷ್ಟು ಕಲಿತೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ವರ್ಷವೇ ಮಸ್ತಾನಸಾಬ ದಮ್ಮಾಮಿನಿಂದ ಊರಿಗೆ ಬಂದ. ಅಲ್ಲಿ ಕ್ರೇನು ನಡೆಸುತ್ತಿದ್ದವನು. ಅರಬಸ್ತಾನದಿಂದ ಬರುವವರು ಬಂಗಾರ ತರುತ್ತಾರೆ, ಹುಲಿಯ ಚಿತ್ರದ ರಗ್ಗು ತರುತ್ತಾರೆ. ಮಸ್ತಾನಸಾಬ ತನ್ನ ಕಂಪನಿಯವರು ಬೇಡವೆಂದು ತೆಗೆದಿಟ್ಟಿದ್ದ ಕಂಪ್ಯೂಟರ್ ತಂದ. ಅವನ ಹೆಂಡತಿ ಅಖ್ತರಬೇಗಂ ಡಬ್ಬಿ ಬಿಚ್ಚಿ, ಒಳಗೆ ಬಂಗಾರ ಎಲ್ಲಾದರೂ ಸಿಕ್ಕಿಕೊಂಡಿದೆಯೋ ಎಂದು ಥರ್ಮಾಕೋಲನ್ನು ಚೂರುಚೂರು ಮಾಡಿ ನೋಡಿದಳು. ಆಮೇಲೆ ಗಂಡನ ಜೊತೆ ಮಾತು ಬಿಟ್ಟಳು. ಮಸ್ತಾನಸಾಬನಿಗೆ ಅದನ್ನು ಚಾಲೂ ಮಾಡಲು ಬರುತ್ತಿರಲಿಲ್ಲ. ಕಲಿತು ಬಂದವನು ಊರಲ್ಲಿ ಒಬ್ಬನೇ ಇದ್ದ.

ಕಂಪ್ಯೂಟರಿನ ಜೊತೆಗೆ ಮಸ್ತಾನಸಾಬ ಇನ್ನೊಂದನ್ನೂ ತಂದಿದ್ದ, ಅದಕ್ಕೆ ಡಬ್ಬಿ ಬೇಕಿರಲಿಲ್ಲ. ದಮ್ಮಾಮಿನ ಖೋಲಿಯಲ್ಲಿ ಅವನ ಪಕ್ಕದ ಮಂಚ ಫಿಲಿಪೈನ್ಸಿನ ಡ್ಯಾನಿಲೋನದು. ಆ ಪುಣ್ಯಾತ್ಮ ಅನ್ನಕ್ಕಿಟ್ಟು ಕೂತರೆ ತನ್ನ ದೇಶದ ಹಳೆಯ ಪುರಾಣ ಹೇಳುತ್ತಿದ್ದನಂತೆ. ಕುದುರೆ ಮುಖದ ಮನುಷ್ಯರು, ಒಂದೇ ಕಣ್ಣಿನ ಚಂದ್ರದೇವಿ, ಮತ್ತೆ ಬಾಕುನಾವಾ ಎಂಬ ಸಮುದ್ರದ ಹಾವು. ಮೊದಲು ಆಕಾಶದಲ್ಲಿ ಏಳು ಚಂದ್ರರಿದ್ದರು. ಆ ಚೆಲುವು ನೋಡಿ ಹಾವಿಗೆ ಆಸೆ ಹುಟ್ಟಿತು. ನೀರಿನಿಂದ ಎದ್ದು ಒಂದೊಂದಾಗಿ ನುಂಗುತ್ತಾ ಬಂತು. ಏಳನೆಯದಕ್ಕೆ ಏನಾಯಿತು ಎಂಬುದನ್ನು ನಾನೀಗ ಹೇಳುವುದಿಲ್ಲ. ಗ್ಯಾನಪ್ಪ ಅದನ್ನು ಕೊನೆಯ ಚಿತ್ರಕ್ಕೆ ಕಾದಿಟ್ಟಿದ್ದ, ಅವನ ಕೆಲಸ ನಾವು ಕೆಡಿಸಬಾರದು.

ಈ ಕಥೆಯನ್ನು ಕಾಲೇಜು ಹುಡುಗ ಹುಡುಗಿಯರಿಗಾಗಿ ಕಂಪ್ಯೂಟರಿನಲ್ಲೇ ಚಿತ್ರಕಥೆ ಮಾಡುವುದು, ಪರದೆಯ ಮೇಲೆ ಒಂದೊಂದೇ ಚಿತ್ರ ತೆರೆದು ಓದಿಸುವುದು, ಹಿಂದೆಯೇ ಕಂಪ್ಯೂಟರ್ ಕ್ಲಾಸು ಶುರುಮಾಡುವುದು ಎಂದು ಇಬ್ಬರೂ ನಿರ್ಧರಿಸಿದರು. ಜಾಗಕ್ಕೆ ಬೀಜ ಗೊಬ್ಬರದ ವ್ಯಾಪಾರಿ ಅಮರಗುಂಡಪ್ಪ ಸಾವ್ಕಾರರ ಖಾಲಿ ಗೋದಾಮು ಕೇಳಿದರು.

"ನಮ್ಮ ಪುರಾಣ ಏನ್ ಕಡಿಮಿ ಬಿದ್ದಾವಂತ ಫಿಲಿಪೈನ್ಸಿಗೆ ಹೋದೆಲೇ ಗ್ಯಾನಪ್ಪ?" ಎಂದರು ಸಾವ್ಕಾರರು.

"ನೀವು ಮಾರೋ ಐಆರ್ ಅರವತ್ನಾಕು ನೆಲ್ಲು ಎಲ್ಲೀದ್ರೀ? ಅದೂ ಅದಾ ದೇಶದಾಗ ಹುಟ್ಟಿದ್ದು. ಬೀಜ ಬರಬಹುದು, ಕಥಿ ಬರಬಾರದೇನ್ರೀ?"

ಉತ್ತರ ಹೊಳೆಯದಾಗ ಸಾವ್ಕಾರರು ಗಡುವು ಕೊಡುತ್ತಿದ್ದರು. ನಾಗರಪಂಚಮಿ ತನಕ ನೋಡುತ್ತೇನೆ, ಕಾಲೇಜಿನವರು ತುಂಬಿದರೆ ಗೋದಾಮು ನಿನಗೆ, ಇಲ್ಲದಿದ್ದರೆ ಯೂರಿಯಾಕ್ಕೆ ಎಂದರು.

ಗ್ಯಾನಪ್ಪ ನೆಲ ತೊಳೆದ. ಹೈದರಾಬಾದಿನ ಆಫೀಸಿನಲ್ಲಿ ನೋಡಿದ್ದಂತೆ, ಧೂಳು ಬಿದ್ದರೆ ಕಂಪ್ಯೂಟರಿಗೆ ಕೇಡು ಎಂದು ಬಾಗಿಲಿಗೆ "ಚಪ್ಪಲಿ ಹೊರಗೆ ಬಿಡಿ" ಎಂದು ದೊಡ್ಡದಾಗಿ ಬರೆದ. ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿದ, ಕುಂಕುಮ ಇಟ್ಟ, ಊದಿನಕಡ್ಡಿ ಹಚ್ಚಿದ. ಹೊಸ ತಕ್ಕಡಿ ತಂದರೂ ನಾವು ಅಷ್ಟು ಮಾಡುತ್ತೇವೆ. ಆಮೇಲೆ ಕೂತು ಚಿತ್ರ ಶುರುಮಾಡಿದ. ಮೊದಲನೆಯ ಚಿತ್ರದಲ್ಲಿ ಹಾವು ಇನ್ನೂ ಯಾರನ್ನೂ ನುಂಗಿಲ್ಲ, ಏಳು ಚಂದ್ರರನ್ನು ಆಸೆಯಿಂದ ನೋಡುತ್ತಿದೆ. ಫಿಲಿಪೈನ್ಸಿನ ಹಾವಿಗೆ ಸರೋವರದಷ್ಟು ಬಾಯಿ, ರೆಕ್ಕೆ, ಮೀಸೆ ಎಂದು ಮಸ್ತಾನಸಾಬ ಪಕ್ಕದಲ್ಲಿ ಕೂತು ಹೇಳಿದ್ದೇ ಹೇಳಿದ್ದು. ಗ್ಯಾನಪ್ಪನ ತಲೆ ಕೇಳಿಸಿಕೊಂಡಿತು, ಕೈ ಕೇಳಲಿಲ್ಲ. ಐದು ಹೆಡೆ, ನಡುವಿನ ಹೆಡೆಗೆ ಕುಂಕುಮದ ಬೊಟ್ಟು, ಕೆಳಗೆ ಮೂರು ಸುತ್ತು. ಮೇಲೆ ಏಳು ಚಂದ್ರರು ಪ್ರಭಾವಳಿಯ ಹಾಗೆ ಹೊಳೆಯುತ್ತಿದ್ದರು.

ಚಿತ್ರಗಳೆಲ್ಲ ಮುಗಿದವು, ಓದುವವರು ಬರಲಿಲ್ಲ. ಹೊರಗಿನ ಬೋರ್ಡಿನಲ್ಲಿ "ಪುರಾಣ" ಎಂದು ಓದಿ ಹುಡುಗರು ಬರಲಿಲ್ಲ, "ಕಂಪ್ಯೂಟರ್" ಎಂದು ಓದಿ ಮುದುಕರು ಬರಲಿಲ್ಲ. ಬಂದವಳು ಒಬ್ಬಳೇ, ಸಾವ್ಕಾರರ ಮಗಳು ಪಂಪಮ್ಮ, ಪಿಯುಸಿ ಎರಡನೆಯ ವರ್ಷದವಳು. ಅಪ್ಪನ ಗೋದಾಮು ಹೇಗಿದೆ ನೋಡಿ ಬರುತ್ತೇನೆಂದು ಬಂದವಳು ಕಣ್ಣು ಮಿಟುಕಿಸದೆ ಆರು ಚಂದ್ರರನ್ನು ಓದಿದಳು. ಅಷ್ಟೊತ್ತಿಗೆ ಕರೆಂಟು ಹೋಯಿತು.

"ಏಳನೇದ್ದು ಏನಾತ್ರೀ ಕಾಕಾ?"

"ನಾಳೆ ಬಾರವ್ವ. ಕಥಿ ಎಲ್ಲಿ ಓಡಿ ಹೋಗ್ತೈತಿ."

ಹೋಗುವುದು ಹಾಗಿರಲಿ, ಮರುದಿನ ಮಧ್ಯಾಹ್ನ ಕಥೆಯ ಬಾಗಿಲೇ ಮುಚ್ಚಿಕೊಂಡಿತು. ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಬಜ್ಜಿ ಮಾಡುವ ಮುದುಕಮ್ಮ, ಮಿರ್ಚಿ ಕಟ್ಟಲು ರದ್ದಿ ಪೇಪರ್ ಇದ್ದರೆ ಕೇಳೋಣವೆಂದು ಬಂದಳು. ಗ್ಯಾನಪ್ಪ ಉಂಡು ಮೂಲೆಯಲ್ಲಿ ಚಾಪೆ ಹಾಸಿ ಮಲಗಿದ್ದ. ಬಾಗಿಲಲ್ಲಿ ಯಾರೋ ಬಿಟ್ಟ ಚಪ್ಪಲಿ, ಒಳಗೆ ಊದಿನಕಡ್ಡಿಯ ಹೊಗೆ, ಹೊಗೆಯ ನಡುವೆ ಹಾರ ಹಾಕಿಕೊಂಡು ಐದು ಹೆಡೆಯ ನಾಗಪ್ಪ ತನ್ನ ಬೆಳಕಿನಲ್ಲಿ ತಾನೇ ಬೆಳಗುತ್ತಿದ್ದಾನೆ. ಮುದುಕಮ್ಮ ಚಪ್ಪಲಿ ಬಿಟ್ಟಳು, ತಲೆಯ ಮೇಲೆ ಸೆರಗು ಹೊದ್ದಳು, ಎರಡು ದಿನದಿಂದ ಕಾಣೆಯಾದ ತನ್ನ ಎಮ್ಮೆಯ ವಿಷಯ ಹೇಳಿಕೊಂಡಳು. ನೈವೇದ್ಯಕ್ಕೆಂದು ಕೀಬೋರ್ಡಿನ ಮೇಲೆ ಒಂದು ಬಿಸಿ ಮಿರ್ಚಿ ಇಟ್ಟು ಹೋದಳು. ಗ್ಯಾನಪ್ಪ ಎದ್ದವನು, ಹೆಂಡತಿ ಆದೆಮ್ಮ ಇಟ್ಟು ಹೋಗಿರಬೇಕೆಂದು ಅದನ್ನು ತಿಂದ.

ಸಂಜೆ ಎಮ್ಮೆ ಮನೆಗೆ ಬಂತು. ಹಸಿವಾಗಿತ್ತು, ಬಂತು. ಆದರೆ ಎಮ್ಮೆಯನ್ನು ಯಾರು ಕೇಳುತ್ತಾರೆ? ಮುದುಕಮ್ಮ ಗೋದಾಮಿಗೆ ಓಡಿ ಬಂದು ನೋಡಿದರೆ ನೈವೇದ್ಯವೂ ಇಲ್ಲ. ಅವಳಿಗೆ ಇನ್ನೇನು ಬೇಕು.

"ಯಮ್ಮಾ, ಅದು ದೇವರಲ್ಲ. ಫಿಲಿಪೈನ್ಸಿನ ಹಾವು," ಎಂದ ಗ್ಯಾನಪ್ಪ.

"ಅಷ್ಟು ದೂರದಿಂದ ಬಂದೈತಿ ಅಂದ್ರ ಇನ್ನಾ ಕಡಕ್ ಇರ್ತೈತಿ ಬಿಡು."

ಮಿರ್ಚಿ ತಿನ್ನಲು ಬಂದವರಿಗೆಲ್ಲ ಅವಳು ಎಮ್ಮೆಯ ಕಥೆ ಬಡಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ ಮಾತಿಗೆ ಕಾಲು ಬೇಕಿಲ್ಲ, ಟಿಕೆಟ್ಟೂ ಬೇಕಿಲ್ಲ. ವಾರ ಕಳೆಯುವುದರಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರು ಗೋದಾಮಿನ ಮುಂದೆ ಸೀಟಿ ಊದಿ, ನಾಗಪ್ಪನ ಹತ್ರ ಇಳಿಯೋರು ಇಳೀರಿ ಎನ್ನತೊಡಗಿದ. ಬಳಗಾನೂರಿನವರು ತೆಂಗಿನಕಾಯಿ ತಂದರು. ತುರ್ವಿಹಾಳದ ಕಡೆಯ ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದವರು ಬಂದು, ತೆಲುಗಿನಲ್ಲಿ ಹರಕೆ ಕಟ್ಟಿಕೊಂಡರೆ ನಡೆಯುತ್ತದೋ ಎಂದು ವಿಚಾರಿಸಿದರು. ದೇವರನ್ನು ವಿಮಾನದಲ್ಲಿ ಕರೆತಂದವನೆಂದು ಮಸ್ತಾನಸಾಬನ ಕೊರಳಿಗೆ ದಿನಾ ಒಂದು ಹಾರ ಬೀಳತೊಡಗಿತು. ಬ್ಯಾಡ್ರಪ್ಪಾ ಎಂದು ಅವನು ಹಿಂದಿನ ಓಣಿಯಿಂದ ಓಡಾಡುವಂತಾಯಿತು. ಅಖ್ತರಬೇಗಂ ಮಾತ್ರ ಗಂಡನ ಜೊತೆ ಮತ್ತೆ ಮಾತು ಶುರುಮಾಡಿದಳು. ಇಷ್ಟು ಮಂದಿ ಹಾರ ಹಾಕುತ್ತಾರೆಂದರೆ ಡಬ್ಬಿಯಲ್ಲಿ ಏನೋ ಇದೆ ಎಂದು ಅವಳಿಗೂ ಅನ್ನಿಸಿತ್ತು.

ಅಮರಗುಂಡಪ್ಪ ಸಾವ್ಕಾರರು ಜೀವಮಾನದಲ್ಲಿ ಮೊದಲ ಸಲ ತಮ್ಮ ಗೋದಾಮಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಇಂಥ ಜಾಗದಲ್ಲಿ ಗೊಬ್ಬರ ಇಟ್ಟಿದ್ದೆನಲ್ಲ ಎಂದು ಕೆನ್ನೆ ಬಡಿದುಕೊಂಡರು. ಪಂಚಮಿಯ ದಿನ ಹಾಲೆರೆಯುವುದು, ಮರುದಿನವೇ ಬಾಗಿಲಿಗೆ ಕಬ್ಬಿಣದ ಜಾಲರಿ ಕೂಡಿಸಿ ಕಂಪ್ಯೂಟರಿನ ಸುತ್ತ ಸಿಮೆಂಟಿನ ಗರ್ಭಗುಡಿ ಕಟ್ಟುವುದು ಎಂದು ಸಾರಿದರು.

"ಸಾವ್ಕಾರ್ರೀ, ಅದರೊಳಗ ಇನ್ನಾ ರಗಡ ಚಿತ್ರ ಅದಾವ. ಹುಡುಗ್ರು ಓದಬೇಕಲ್ರೀ," ಎಂದ ಗ್ಯಾನಪ್ಪ.

"ಗರ್ಭಗುಡಿಯೊಳಗ ಏನೇನೈತಿ ಅಂತ ಯಾರರ ಕೇಳ್ತಾರೇನೋ? ನಿನಗ ಪೂಜಾರಿಕಿ ಕೊಟ್ಟೀನಿ, ಸುಮ್ನಿರು."

ಪೂಜಾರಿಕೆ ಎಂದರೆ ಕರೆಂಟು ಹೋಗಿ ಬಂದಾಗಲೆಲ್ಲ ಸ್ನಾನ ಮಾಡಿ ಬಂದು ದೇವರನ್ನು ಎಬ್ಬಿಸುವುದು. ಮಸ್ಕಿಯ ಕರೆಂಟಿನ ದಯೆಯಿಂದ ಗ್ಯಾನಪ್ಪ ಆ ಆಷಾಢದಲ್ಲಿ ಮಾಡಿದಷ್ಟು ಸ್ನಾನವನ್ನು ಯಾವ ಸ್ವಾಮಿಗಳೂ ಮಾಡಿರಲಾರರು. ಒಮ್ಮೆ ಧೈರ್ಯ ಮಾಡಿ ಎರಡನೆಯ ಚಿತ್ರ ತೆರೆದ. ಅದರಲ್ಲಿ ಹಾವು ಬಾಯಿ ತೆರೆದಿತ್ತು. ದೇವರು ಸಿಟ್ಟಾದನೆಂದು ಮಂದಿ ಬಾಗಿಲು ಸಾಲದೆ ಕಿಟಕಿಯಿಂದ ಹಾರಿದರು. ಅಂದಿನಿಂದ ಮೊದಲನೆಯ ಚಿತ್ರ ಬಿಟ್ಟು ಬೇರೆ ತೆರೆಯಕೂಡದೆಂದು ಸಾವ್ಕಾರರ ಹುಕುಂ ಆಯಿತು. ಊರಿಗೆಲ್ಲ ದೇವರು ಸಿಕ್ಕಿದ್ದ, ಗ್ಯಾನಪ್ಪನ ಕಥೆ ಮಾತ್ರ ಅದೇ ದೇವರ ಹೊಟ್ಟೆಯಲ್ಲಿ ಸಿಕ್ಕಿಬಿದ್ದಿತ್ತು. ಪಂಪಮ್ಮ ದಿನಾ ದರ್ಶನದ ಸಾಲಿನಲ್ಲಿ ಬಂದು, ಎಲ್ಲರಂತೆ ಕೈಮುಗಿದು, ಮೆಲ್ಲಗೆ, ಏಳನೇದ್ದು ಏನಾತ್ರೀ ಕಾಕಾ ಎನ್ನುತ್ತಿದ್ದಳು. ಅವನು ಕುಂಕುಮ ಕೊಟ್ಟು ಮುಂದೆ ಕಳಿಸುತ್ತಿದ್ದ. ಸಾವ್ಕಾರರು ಪಕ್ಕದಲ್ಲೇ ಕೂತಿರುತ್ತಿದ್ದರು.

ಸುದ್ದಿ ತಾಲೂಕಿಗೆ ಮುಟ್ಟಿ, ಹೊಸ ಗುಡಿಯ ವಿಚಾರಣೆಗೆ ಕಂದಾಯ ಇಲಾಖೆಯ ಗಿರದಾವರ ಬಸವಂತರಾಯರು ಬಂದರು. ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ದೇವರ ಹೆಸರು ಕೇಳಿದರು.

"ಬಾಕುನಾವಾ ರೀ," ಎಂದ ಗ್ಯಾನಪ್ಪ.

"ಮೂಲಸ್ಥಾನ?"

"ಸಮುದ್ರದಾಗ್ರೀ."

"ಅದು ಯಾವ ತಾಲೂಕಿಗೆ ಬರ್ತೈತಿ?"

ಗ್ಯಾನಪ್ಪ ಮಸ್ತಾನಸಾಬನ ಮುಖ ನೋಡಿದ. "ತಾಲೂಕು ಗೊತ್ತಿಲ್ಲ ಸಾಹೇಬ," ಎಂದ ಮಸ್ತಾನಸಾಬ. "ಹೋಬಳಿ ಮನಿಲಾ ಇರಬೇಕು."

"ಬಾಂಬೇದಾಗ ಕಸ್ಟಮ್ಸಿನವರು ದೇವರನ್ನ ಹೆಂಗ ಬಿಟ್ರು?"

"ಟಿ.ವಿ. ಅಂತ ತಿಳಕೊಂಡ್ರು ಸಾಹೇಬ."

ಬಸವಂತರಾಯರು ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡರು. ಪಂಚಮಿಗೆ ಖುದ್ದು ಬಂದು ನೋಡುತ್ತೇನೆ, ಆಮೇಲೆ ಬರೆಯುತ್ತೇನೆ ಎಂದರು. ಏಳುವಾಗ ಗ್ಯಾನಪ್ಪನ ಹೆಗಲ ಮೇಲೆ ಕೈಯಿಟ್ಟು, "ಒಮ್ಮೆ ನಾ ಇದು ದೇವರು ಅಂತ ಬರೆದ್ನೆಂದ್ರ ಮುಗೀತು. ಆಮ್ಯಾಲೆ ದೇವರಾ ಬಂದು ಅಲ್ಲ ಅಂದ್ರೂ ನಡಿಯಂಗಿಲ್ಲ," ಎಂದರು.

ಪಂಚಮಿ ಬಂತು. ಹೊಸ ಸೀರೆ, ಕೈಯಲ್ಲಿ ಹಾಲಿನ ತಂಬಿಗೆ, ತಾಟಿನಲ್ಲಿ ಉಂಡಿ, ಜೋಳದ ಅಳ್ಳು. ಸಾಲು ಗೋದಾಮಿನ ಬಾಗಿಲಿನಿಂದ ಬಸ್‌ಸ್ಟ್ಯಾಂಡು ಮುಟ್ಟಿತು. ಗರ್ಭಗುಡಿಗೆ ಬೆಳಕು ಇರಬಾರದೆಂದು ಸಾವ್ಕಾರರು ಕಿಟಕಿಗೆಲ್ಲ ಗೋಣಿಚೀಲ ಬಡಿಸಿದ್ದರು. ಹಾಲು ಎಲ್ಲಿ ಎರೆಯಬೇಕೆಂಬ ಪ್ರಶ್ನೆ ಬಂದಾಗ ಮುದುಕಮ್ಮ ಕಂಪ್ಯೂಟರಿನ ತಲೆಯ ಮೇಲಿದ್ದ ತೂತುಗಳನ್ನು ತೋರಿಸಿ, ಕಂಪನಿಯವರು ಸುಮ್ನ ಬಿಡ್ತಾರೇನು, ಹಾಲು ಎರಿಯಾಕ ಅಂತನಾ ಬಿಟ್ಟಾರ ಎಂದಳು. ಎಲ್ಲರಿಗೂ ಅದು ಸರಿ ಕಂಡಿತು. ಮಸ್ತಾನಸಾಬ ಬಾಗಿಲ ಹೊರಗೆ ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ಒಳಗೆ ಕರೆಂಟು ಹರಿಯುತ್ತಿದೆ, ಮೇಲಿನಿಂದ ಹಾಲು ಬೀಳಲಿದೆ. ಕಂಪ್ಯೂಟರ್ ಹೋದರೆ ಹೋಗಲಿ, ಎರೆದವರ ಗತಿ?

ಸಾಲಿನ ಮೊದಲಿಗೇ ಆದೆಮ್ಮ. ಪೂಜಾರಿಯ ಹೆಂಡತಿಯೆಂದು ಅವಳಿಗೆ ಆ ಮರ್ಯಾದೆ. ಪಂಚಮಿಗೆ ತವರಿನ ಒಬ್ಬೊಬ್ಬರ ಹೆಸರಿನಲ್ಲಿ ಹಾಲೆರೆಯುವ ರೂಢಿಯಂತೆ, "ಅಣ್ಣನ ಪಾಲು," ಎನ್ನುತ್ತಾ ಹಿತ್ತಾಳೆ ತಂಬಿಗೆ ಎತ್ತಿದಳು. ಗ್ಯಾನಪ್ಪ ಅವಳ ಮುಂಗೈ ಹಿಡಿದ.

"ಬಿಡ್ರಿ, ಮಂದಿ ನೋಡಾಕತ್ತಾರ," ಎಂದಳು ಅವಳು.

"ನೋಡಲಿ. ಈ ಹಾವಿಗೆ ಹಾಲು ಹಾಕಿದ್ರ ನಾಳಿಂದ ಆಕಾಶದಾಗ ಚಂದ್ರಾಮ ಇರಂಗಿಲ್ಲ."

ಬಸವಂತರಾಯರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸಾವ್ಕಾರರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗ್ಯಾನಪ್ಪ, ಹೆಂಡತಿಯ ಕೈ ಬಿಡದೆ, ಇನ್ನೊಂದು ಕೈಯಿಂದ ಎರಡನೆಯ ಚಿತ್ರ ತೆರೆದಿದ್ದ. ಈ ಸಲ ಯಾರೂ ಓಡಲಿಲ್ಲ. ಕಿಟಕಿಗಳಿಗೆ ಗೋಣಿಚೀಲ ಇತ್ತು, ಬಾಗಿಲಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಮಂದಿ ಇದ್ದರು. ಓಡುವುದು ಎಲ್ಲಿಗೆ?

ಪಂಪಮ್ಮ ಸಾಲು ಬಿಟ್ಟು ಮುಂದೆ ಬಂದು, ಚಿತ್ರದ ಕೆಳಗಿನ ಮಾತುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಸಮುದ್ರದ ತಳದಲ್ಲಿ ಒಂಟಿಯಾಗಿದ್ದ ಹಾವು ತಲೆಯೆತ್ತಿ ನೋಡಿತು. ಮೊದಲನೆಯ ಚಂದ್ರ ಹೋದ. ಅಯ್ಯಯ್ಯ ಎಂದರು ಬಾಗಿಲಲ್ಲಿದ್ದವರು, ಒಳಗೆ ಏನಾಯಿತೆಂದು ಹೊರಗಿನವರು ಕೇಳಿದರು, ಸುದ್ದಿ ಬಸ್‌ಸ್ಟ್ಯಾಂಡಿನವರೆಗೆ ಬಾಯಿಂದ ಬಾಯಿಗೆ ಹೋಯಿತು. ಎರಡನೆಯವನು ಹೋದ. ಮೂರನೆಯವನೂ ಹೋದಾಗ ಮುದುಕಮ್ಮನಿಗೆ ತಡೆಯಲಾಗಲಿಲ್ಲ. ಇದಕ್ಕೇನು ಹೊಟ್ಟ್ಯೋ ಜ್ವಾಳ ತುಂಬೋ ಹಗೇವೋ ಎಂದು, ಹದಿನೈದು ದಿನ ಪೂಜೆ ಮಾಡಿದ ದೇವರನ್ನೇ ಬಯ್ಯತೊಡಗಿದಳು. ಸಾಲಿನ ಹಿಂದೆ ನಿಂತಿದ್ದ ಕಾಲೇಜು ಹುಡುಗರು ಬಡಿದ ಗೋಣಿಚೀಲದ ಸಂದಿಯಲ್ಲಿ ತಲೆ ತೂರಿಸಿದರು. ಆರನೆಯವನು ಹೋದ. ಏಳನೆಯವನ ಕೆಳಗೆ ಹಾವು ಬಾಯಿ ತೆರೆದು ನಿಂತಿತು. ಗ್ಯಾನಪ್ಪ ಕೊನೆಯ ಚಿತ್ರಕ್ಕೆ ಕೈ ಹಾಕಿದ.

ಕರೆಂಟು ಹೋಯಿತು.

"ನುಂಗಿತು," ಎಂದಳು ಮುದುಕಮ್ಮ.

"ಕಾಕಾ," ಎಂದಳು ಪಂಪಮ್ಮ, ಈ ಸಲ ಮೆಲ್ಲಗಲ್ಲ, "ಏಳನೇದ್ದು ಏನಾತ್ರೀ?"

ತೋರಿಸಲು ಚಿತ್ರವಿಲ್ಲ. ಗ್ಯಾನಪ್ಪನ ಬಾಯೊಂದೇ ಉಳಿದಿತ್ತು.

"ಆ ದೇಶದ ಮಂದಿ ಸುಮ್ನ ಕೂಡಲಿಲ್ಲವ್ವ. ಮನಿಮನಿಯಿಂದ ತಾಟು, ತಂಬಿಗಿ, ಕೊಡ ತಂದು ಬೀದಿಗೆ ನಿಂತು ಬಡದ್ರು. ನಮ್ಮ ಚಂದ್ರಾಮನ್ನ ಕೊಡು ಅಂತ ಬಡದ್ರು. ಆ ಹಾವಿಗೆ ಗದ್ಲ ತಡಿಯಾಕ ಆಗಂಗಿಲ್ಲ."

ಅವನು ಮಾತು ಮುಗಿಸುವ ಮೊದಲೇ ಪಂಪಮ್ಮ ತಾಟಿನ ಉಂಡಿಗಳನ್ನು ಅಪ್ಪನ ಉಡಿಗೆ ಸುರಿದು ತಾಟು ಬಡಿಯತೊಡಗಿದಳು. ತುಂಬಿದ ತಂಬಿಗೆ ಬಡಿದರೆ ಹಾಲು ಚೆಲ್ಲುತ್ತದೆ. ಆದೆಮ್ಮ ಒಂದು ಗಳಿಗೆ ಅತ್ತ ಇತ್ತ ನೋಡಿ, ಅಣ್ಣನ ಪಾಲನ್ನು ಪಕ್ಕದವಳ ಕಂಕುಳ ಕೂಸಿಗೆ ಕುಡಿಸಿ, ತಂಬಿಗೆ ಬರಿದು ಮಾಡಿ, ಹಾಲೆರೆಯಲು ತಂದಿದ್ದ ಸೌಟಿನಿಂದ ಬಡಿದಳು. ಅದನ್ನು ನೋಡಿ ಸಾಲಿಗೆ ಸಾಲೇ ಮಕ್ಕಳಿಗೆ ಹಾಲು ಕುಡಿಸಿತು. ಅಷ್ಟು ಹಾಲು ಮಸ್ಕಿಯ ಮಕ್ಕಳು ಹಿಂದೆ ಕಂಡಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ. ಗೋದಾಮಿನಿಂದ ಬಸ್‌ಸ್ಟ್ಯಾಂಡಿನವರೆಗೆ ಹಿತ್ತಾಳೆ, ತಾಮ್ರ, ಸ್ಟೀಲು. ಮುದುಕಮ್ಮ ಮಿರ್ಚಿಯ ಬಾಣಲಿಯನ್ನೇ ತರಿಸಿದಳು. ಬಸ್ಸಿನ ಡ್ರೈವರು ಹಾರ್ನ್ ಒತ್ತಿ ಹಿಡಿದ.

ಇತ್ತ ಮೂಲೆಯ ಕಂಬದ ಮೇಲೆ ಲೈನ್‌ಮನ್ ಅಲ್ಲಾಭಕ್ಷ್ ಒಂದು ಸಡಿಲ ವೈರು ಬಿಗಿಯಲು ಹತ್ತಿದ್ದ. ಕರೆಂಟು ತೆಗೆದವನು ಅವನೇ. ಸಾವಧಾನವಾಗಿ ಮಾಡಿ, ಮೇಲೆಯೇ ಒಂದು ಬೀಡಿ ಸೇದಿ ಇಳಿಯೋಣವೆಂದಿದ್ದ. ಕೆಳಗೆ ಒಮ್ಮೆಲೇ ಊರಿಗೆ ಊರೇ ಪಾತ್ರೆ ಬಡಿಯುತ್ತಾ "ಕೊಡು, ಕೊಡು" ಎಂದು ಕೂಗುವುದು ಕೇಳಿಸಿತು. ಹಬ್ಬದ ದಿನ ಕರೆಂಟು ತೆಗೆದದ್ದಕ್ಕೆ ಮಂದಿ ತನ್ನನ್ನೇ ಹುಡುಕಿಕೊಂಡು ಬಂದರೆಂದು ಅವನು ತಿಳಿದ. ಬೀಡಿ ಎಸೆದು, ವೈರು ಬಿಗಿದು, ಜಾರಿ ಇಳಿದು, ಫ್ಯೂಜು ಹಾಕಿ, ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೊಲದ ಕಡೆ ಓಡಿದ.

ಗೋದಾಮಿನಲ್ಲಿ ಕಂಪ್ಯೂಟರ್ ಗುರ್ ಎಂದಿತು. ಮೊದಲು ಪರದೆಯ ತುಂಬ ನೀಲಿ ಆಕಾಶ ಬಂತು, ಅದರಲ್ಲಿ ಬಿಳಿ ಮೋಡ. ಎಲ್ಲ ಕಂಪ್ಯೂಟರೂ ಆಗ ಹಾಗೆಯೇ ಏಳುತ್ತಿದ್ದವು, ಆದರೆ ಮಸ್ಕಿಗೆ ಅದು ಗೊತ್ತಿರಲಿಲ್ಲ.

"ಆಕಾಶ ಕೊಟ್ಟೈತಿ ಯವ್ವಾ," ಎಂದು ಕೂಗಿದಳು ಮುದುಕಮ್ಮ. "ಚಂದ್ರಾಮ ಇನ್ನಾ ಒಳಗ ಅದಾನ. ಬಿಡಬ್ಯಾಡ್ರಿ, ಬಡೀರಿ."

ಬಡಿದರು. ಗ್ಯಾನಪ್ಪ ಕೊನೆಯ ಚಿತ್ರ ತೆರೆದ. ಹಾವು ಬಾಲ ಮುದುಡಿಕೊಂಡು ಸಮುದ್ರಕ್ಕೆ ಇಳಿಯುತ್ತಿತ್ತು. ಮೇಲೆ ಒಬ್ಬನೇ ಒಬ್ಬ ಚಂದ್ರ, ಒಂದು ಹಲ್ಲಿನ ಗುರುತೂ ಇಲ್ಲದೆ, ತುಂಬು ದುಂಡಗೆ ನಿಂತಿದ್ದ. ಗೋದಾಮಿನ ತಗಡು ಹಾರಿಹೋಗುವಂತೆ ಕೇಕೆ ಬಿತ್ತು. ಆದೆಮ್ಮ ಮಂದಿಯ ಮುಂದೆ ಗಂಡನ ಕೈ ಹಿಡಿದಳು, ಈ ಸಲ ಬಿಡಿ ಎನ್ನಲಿಲ್ಲ. ಹಿಂದಿರುಗಿ ನೋಡಿದರೆ ಬಸವಂತರಾಯರು ಕುರ್ಚಿಯ ಮೇಲೆ ಹತ್ತಿ ನಿಂತು ತಮ್ಮ ಟಿಫಿನ್ ಡಬ್ಬಿ ಬಡಿಯುತ್ತಿದ್ದರು. ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಬಡಿದರು.

ಆಮೇಲೆ ಇಳಿದು, ಅಂಗಿ ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಕೊಟ್ಟ ದೇವರನ್ನ ಕಂಡೀನಿ, ಕೊಡದ ದೇವರನ್ನೂ ಕಂಡೀನಿ. ತಾಟು ಬಡದ್ರ ಉಗುಳೋ ದೇವರನ್ನ ನನ್ನ ಸರ್ವಿಸಿನ್ಯಾಗ ಕಂಡಿಲ್ಲ. ಇದು ಕಥಿ. ಕಥಿ ನಮ್ಮ ಇಲಾಖಿಗೆ ಬರಂಗಿಲ್ಲ."

ಸಾವ್ಕಾರರು ಉಡಿಯ ತುಂಬ ಉಂಡಿ ಹಿಡಿದುಕೊಂಡು ನಿಂತಿದ್ದರು. ಗರ್ಭಗುಡಿ ಅವರ ಕಣ್ಣೆದುರೇ ಮತ್ತೆ ಗೋದಾಮಾಗುತ್ತಿತ್ತು. ಯೂರಿಯಾದ ಮಾತು ತುಟಿಗೆ ಬಂದಿತ್ತೋ ಏನೋ. ಅಷ್ಟರಲ್ಲಿ ಕಿಟಕಿಯ ಗೋಣಿಚೀಲ ಹರಿದು ಒಳಗೆ ಬಂದ ಕಾಲೇಜು ಹುಡುಗರು, ಮುಂದಿನ ಕಥೆ ಯಾವಾಗ, ನಮ್ಮ ಹೆಸರು ಯಾರ ಹತ್ತಿರ ಬರೆಸಬೇಕು ಎಂದು ಗ್ಯಾನಪ್ಪನನ್ನು ಮುತ್ತಿಕೊಂಡರು. ಪಂಪಮ್ಮ ಅವರ ನಡುವೆ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಸಾವ್ಕಾರರು ಒಂದು ಉಂಡಿ ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು.

"ಐಆರ್ ಅರವತ್ನಾಕು ಮಾರಿ ಮನಿ ಕಟ್ಟಿದಾವ ನಾನು," ಎಂದರು ಕಡೆಗೆ. "ಅದಾ ಊರಿನ ಕಥಿಗೆ ಜಾಗ ಇಲ್ಲ ಅಂದ್ರ ಹೆಂಗ? ಯೂರಿಯಾ ನಮ್ಮ ಪಡಸಾಲ್ಯಾಗ ಇರ್ಲಿ."

ಕ್ಲಾಸು ತುಂಬಿತು. ಸಿಂಧನೂರಿನಿಂದಲೂ ಹುಡುಗರು ಬಂದರು. ಚಿತ್ರ ಬರೆಯುವುದನ್ನು ಗ್ಯಾನಪ್ಪ ಕಲಿಸಿದ. ಉಳಿದ ಕಂಪ್ಯೂಟರ್ ವಿದ್ಯೆಯನ್ನು ಹುಡುಗರೇ ಒತ್ತಿ ಒತ್ತಿ ಕಲಿತು ಅವನಿಗೆ ತೋರಿಸಿದರು. ಅವನು ಗಂಭೀರವಾಗಿ ತಲೆಯಾಡಿಸಿ, ಹೌದು, ಹೈದರಾಬಾದಿನ್ಯಾಗೂ ಹಿಂಗಾ ಹೇಳ್ತಿದ್ರು ಎನ್ನುತ್ತಿದ್ದ. ಮಸ್ತಾನಸಾಬ ಎಸ್‌ಟಿಡಿ ಬೂತಿನಿಂದ ದಮ್ಮಾಮಿಗೆ ಫೋನು ಹಚ್ಚಿ ನಡೆದದ್ದೆಲ್ಲ ಹೇಳಿದ. ಡ್ಯಾನಿಲೋ ಬಹಳ ಹೊತ್ತು ನಕ್ಕನಂತೆ. ನಮ್ಮ ಅಜ್ಜಿ ಬಡಿಯುತ್ತಿದ್ದದ್ದೂ ಹಿತ್ತಾಳೆಯ ತಾಟೇ ಎಂದನಂತೆ.

ಆ ಓಣಿಗೆ ಒಂದು ಅಭ್ಯಾಸ ಮಾತ್ರ ಉಳಿದುಹೋಯಿತು. ಕರೆಂಟು ಹೋದ ಕೂಡಲೇ ಮುದುಕಮ್ಮ ಮಿರ್ಚಿ ಎತ್ತುವ ಝಾರಿಯಿಂದ ಬಾಣಲಿ ಬಡಿಯುತ್ತಾಳೆ, ಮನೆಮನೆಯಿಂದ ತಾಟು, ತಂಬಿಗೆ ಹೊರಗೆ ಬರುತ್ತವೆ. ಹಾವಿಗೆ ಕೇಳಿಸುತ್ತದೋ ಇಲ್ಲವೋ ಹೇಳಲಾರೆ. ಅಲ್ಲಾಭಕ್ಷ್‌ಗೆ ಕೇಳಿಸುತ್ತದೆ. ಮಸ್ಕಿಯ ಉಳಿದ ಓಣಿಗಳು ಕತ್ತಲಲ್ಲಿ ಕೂತಿರುವಾಗ, ಆ ಒಂದು ಓಣಿಗೆ ಮಾತ್ರ ಅವನು ಓಡಿ ಬಂದು ಚಂದ್ರನನ್ನು ಕೊಟ್ಟು ಹೋಗುತ್ತಾನೆ.